ಗಾಂಜಾ ಸೇವನೆ: ಲೋಕದ ವಾದವೂ ನಮ್ಮ ತರುಣರೂ

ಗಾಂಜಾ ಸೇವನೆಯಿಂದ ಆರೋಗ್ಯಕ್ಕೆ ಕೇಡುಂಟೇ ಇಲ್ಲವೇ ಎಂಬ ಪ್ರಶ್ನೆಯು ನಮ್ಮ ದೇಶಕ್ಕೆ ಹೊಸದಲ್ಲ. ಆದರೆ ಈಚಿನ ವರ್ಷಗಳಲ್ಲಿ ಆ ಪ್ರಶ್ನೆಗೆ ಹೊಸ ಬಲ ಬಂದಿದೆ. 2018ರ ಅಕ್ಟೋಬರದಲ್ಲಿ ಕೆನಡಾ ದೇಶವು ವಯಸ್ಕರಿಗೆ ಇದರ ಮಾರಾಟವನ್ನು ಕಾನೂನುಬದ್ಧಗೊಳಿಸಿತು. 2020ರ ಡಿಸೆಂಬರ 2ರಂದು ವಿಶ್ವಸಂಸ್ಥೆಯ ಮಾದಕ ದ್ರವ್ಯ ಆಯೋಗವು 25ರ ವಿರುದ್ಧ 27 ಮತಗಳಿಂದ ಇದನ್ನು ಅತಿ ಕಠಿಣ ನಿರ್ಬಂಧದ ನಾಲ್ಕನೆಯ ಪಟ್ಟಿಯಿಂದ ಕೈಬಿಟ್ಟಿತು. ಭಾರತವೂ ಕೈಬಿಡುವ ಪರವಾಗಿಯೇ ಮತವಿತ್ತಿತು. 2024ರ ಎಪ್ರಿಲದಿಂದ ಜರ್ಮನಿಯಲ್ಲಿ ವಯಸ್ಕನೊಬ್ಬನು 25 ಗ್ರಾಮಿನವರೆಗೆ ತನ್ನ ಬಳಿ ಇಟ್ಟುಕೊಂಡರೆ ಅಪರಾಧವೆನಿಸುವುದಿಲ್ಲ. ಈ ವಾರ್ತೆಗಳನ್ನು ಮೊಬೈಲಿನಲ್ಲಿ ಓದಿದ ತರುಣರು, ಲೋಕವೇ ಒಪ್ಪಿದ ಮೇಲೆ ಇದರಲ್ಲಿ ಕೇಡಾದರೂ ಏನು ಎಂದು ಕೇಳಿದರೆ ಅದು ಸಹಜವೇ ಆಗಿದೆ.

ಈ ವಿಷಯವನ್ನು ನಾವು ಇಂದು ಎತ್ತಿಕೊಂಡುದಕ್ಕೆ ಕಾರಣವುಂಟು. ಊರು ಬಿಟ್ಟು ಮುಂಬಯಿಗೋ ಪುಣೆಗೋ ಹೈದರಾಬಾದಿಗೋ ಬಂದು, ಬೆಳಗಿನ ನಾಲ್ಕಕ್ಕೆ ಒಲೆ ಹೊತ್ತಿಸಿ ರಾತ್ರಿ ಹನ್ನೊಂದಕ್ಕೆ ಶಟರು ಎಳೆಯುವ ಹೊಟೇಲು ನೌಕರನಿಗೆ ವಿಶ್ರಾಂತಿಯೆಂದರೆ ಹತ್ತು ಜನ ಮಲಗುವ ಕೋಣೆಯ ಒಂದು ಮೂಲೆ. ಅವನ ಸುಖದುಃಖ ವಿಚಾರಿಸುವ ತಾಯ್ತಂದೆಗಳು ದೂರದಲ್ಲಿದ್ದಾರೆ. ಅಲ್ಲಿ ಕೈಯಿಂದ ಕೈಗೆ ಬರುವ ಒಂದು ದಮ್ಮು ಕಾಲುನೋವನ್ನೂ ಊರಿನ ನೆನಪನ್ನೂ ಮರೆಸುತ್ತದೆಂದರೆ ಬೇಡವೆನ್ನುವವರು ಎಷ್ಟು ಮಂದಿ? ಕಚೇರಿಯ ಗುಮಾಸ್ತರ ಕೋಣೆಗಳೂ ಇದಕ್ಕೆ ಹೊರತಾಗಿವೆ ಎನ್ನುವಂತಿಲ್ಲ. ಇಂಥವರಿಗೆ ಬೈಗಳೂ ಉಪದೇಶವೂ ಬೇಕಾದಷ್ಟು ಸಿಕ್ಕಿವೆ. ನಿಜಸಂಗತಿಯು ಮಾತ್ರ ಅಷ್ಟಾಗಿ ಸಿಕ್ಕಿಲ್ಲ.

ಮೊದಲು ಆ ಮತದಾನದ ಮಾತನ್ನೇ ನೋಡೋಣ. ನಾಲ್ಕನೆಯ ಪಟ್ಟಿಯಿಂದ ತೆಗೆದ ಮಾತ್ರಕ್ಕೆ ಗಾಂಜಾ ನಿರಪಾಯವೆಂದು ವಿಶ್ವಸಂಸ್ಥೆಯು ಸಾರಿದಂತಾಗಲಿಲ್ಲ. ಅಫೀಮು ಮುಂತಾದವು ಇರುವ ಮೊದಲನೆಯ ಪಟ್ಟಿಯಲ್ಲಿ ಅದು ಇಂದಿಗೂ ಇದೆ. ಔಷಧಕ್ಕಾಗಿ ಸಂಶೋಧನೆ ನಡೆಸಲು ಇದ್ದ ಒಂದು ತೊಡಕು ಸಡಿಲಾಯಿತು, ಅಷ್ಟೆ. ಥಾಯ್ಲೆಂಡಿನ ಅನುಭವವಂತೂ ಇನ್ನೂ ಬೋಧಪ್ರದವಾಗಿದೆ. 2022ರಲ್ಲಿ ಆ ದೇಶವು ಗಾಂಜಾವನ್ನು ಮಾದಕ ವಸ್ತುಗಳ ಪಟ್ಟಿಯಿಂದಲೇ ಕಿತ್ತುಹಾಕಿತು, ಬೀದಿಬೀದಿಗೆ ಅಂಗಡಿಗಳೆದ್ದವು, 2025ರ ಜೂನಿನಲ್ಲಿ ಅಲ್ಲಿಯ ಸರಕಾರವು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಆಜ್ಞೆ ಹೊರಡಿಸಬೇಕಾಯಿತು. ಕಾನೂನು ಸಡಿಲಿಸುವುದು ಬೇರೆ, ವಸ್ತುವು ದೇಹಕ್ಕೆ ಹಿತವಾಗುವುದು ಬೇರೆ. ಸರಾಯಿಯೂ ತಂಬಾಕೂ ಕಾನೂನಿನ ಪ್ರಕಾರವೇ ಮಾರಾಟವಾಗುತ್ತಿಲ್ಲವೇ?

ಭಂಗಿ, ಗಾಂಜಾ, ಚರಸು ಮೂರೂ ಒಂದೇ ಗಿಡದ ಸಂತಾನ. ಎಲೆಯಿಂದ ಭಂಗಿ, ಹೂಗೊಂಚಲಿನಿಂದ ಗಾಂಜಾ, ಅದರ ಅಂಟಿನಿಂದ ಚರಸು. ಅಮಲಿಗೆ ಮುಖ್ಯ ಕಾರಣವಾದ ಟಿಎಚ್‌ಸಿ ಎಂಬ ದ್ರವ್ಯವನ್ನು 1964ರಲ್ಲಿ ಇಸ್ರೇಲಿನ ರಸಾಯನಶಾಸ್ತ್ರಜ್ಞರಾದ ಮೆಶುಲಮ್ ಮತ್ತು ಗಾವೋನಿ ಎಂಬವರು ಶುದ್ಧರೂಪದಲ್ಲಿ ಬೇರ್ಪಡಿಸಿದರು. ನಮ್ಮ ಮೆದುಳಿನಲ್ಲಿ ಈ ದ್ರವ್ಯವು ಹೋಗಿ ಕೂಡುವ ಪೀಠಗಳು ಮೊದಲೇ ಸಿದ್ಧವಾಗಿವೆ; ಏಕೆಂದರೆ ಅಂಥದೇ ಒಂದು ವಸ್ತುವನ್ನು ಮೆದುಳು ತಾನೇ ಅತ್ಯಲ್ಪ ಪ್ರಮಾಣದಲ್ಲಿ ತಯಾರಿಸಿಕೊಳ್ಳುತ್ತದೆ. 1992ರಲ್ಲಿ ಅದನ್ನು ಕಂಡುಹಿಡಿದ ವಿಜ್ಞಾನಿಗಳು ಸಂಸ್ಕೃತದ 'ಆನಂದ' ಶಬ್ದದಿಂದ ಅದಕ್ಕೆ ಆನಂದಮೈಡ್ ಎಂದು ಹೆಸರಿಟ್ಟರು. ಹೆಸರು ಸೊಗಸಾಗಿದೆ. ಆದರೆ ನೆನಪು, ಹಸಿವು, ನಿದ್ದೆ, ಭಯ ಇವುಗಳ ಹದವನ್ನು ಕಾಯಲು ಸಹಾಯಕವಾದ ಈ ಸೂಕ್ಷ್ಮ ಏರ್ಪಾಡಿನ ಮೇಲೆ ಹೊರಗಿನಿಂದ ದಿನವೂ ಹೊರೆ ಹೇರಿದರೆ ಹದ ತಪ್ಪುವುದರಲ್ಲಿ ಆಶ್ಚರ್ಯವಿಲ್ಲ.

ಗಾಂಜಾದ ಪರವಾಗಿ ವಾದಿಸುವವರು ಹಳೆಯದೊಂದು ದಾಖಲೆಯನ್ನು ಮುಂದೊಡ್ಡುವುದುಂಟು. ಅದು ತಳ್ಳಿಹಾಕುವಂಥದಲ್ಲವಾದ್ದರಿಂದ ಅದರ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. 1893ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಎದ್ದ ಪ್ರಶ್ನೆಯೊಂದರ ಫಲವಾಗಿ ಇಂಡಿಯಾ ಸರಕಾರವು ಏಳು ಜನರ ಆಯೋಗವೊಂದನ್ನು ನೇಮಿಸಿತು. ಅದರಲ್ಲಿ ಮೂವರು ಭಾರತೀಯರೂ ಇದ್ದರು. ಆಯೋಗವು 1,193 ಜನರ ಸಾಕ್ಷ್ಯ ಪಡೆಯಿತು. ಗಾಂಜಾ ಸೇದಿದವನಿಗೆ ಹುಚ್ಚು ಹಿಡಿಯುತ್ತದೆಂಬುದಕ್ಕೆ ಆ ಕಾಲದಲ್ಲಿ ಹುಚ್ಚಾಸ್ಪತ್ರೆಗಳ ದಪ್ತರಗಳೇ ಆಧಾರವಾಗಿದ್ದವು. ಆಯೋಗವು ಆ ದಪ್ತರಗಳನ್ನು ಒಂದೊಂದಾಗಿ ಬಿಚ್ಚಿ ನೋಡಿತು. 1892ರಲ್ಲಿ ಗಾಂಜಾದಿಂದ ಹುಚ್ಚು ಎಂದು ಬರೆಯಲಾಗಿದ್ದ 222 ರೋಗಿಗಳಲ್ಲಿ ಅಷ್ಟಿಷ್ಟು ಆಧಾರ ಸಿಕ್ಕಿದ್ದು 98 ಮಂದಿಯ ವಿಷಯದಲ್ಲಿ ಮಾತ್ರ. ಉಳಿದವರ ಹೆಸರಿನ ಮುಂದೆ, ಕಾರಣ ತಿಳಿಯದಾಗ ಬರೆಯಲು ಸುಲಭವಾದ ಕಾರಣವೆಂದು, 'ಗಾಂಜಾ' ಎಂದು ಬರೆದುಬಿಟ್ಟಿದ್ದರು! ಮಿತವಾದ ಸೇವನೆಯಿಂದ ಹೇಳಿಕೊಳ್ಳುವಂಥ ಕೇಡಿಲ್ಲ, ಅತಿಯಾದರೆ ದೇಹಕ್ಕೂ ಮನಸ್ಸಿಗೂ ಕೇಡು, ಪೂರ್ಣ ನಿಷೇಧವು ಅನವಶ್ಯಕ ಎಂಬುದು 1894ರ ವರದಿಯ ಸಾರಾಂಶ. ಗಾಂಜಾದ ಅಬಕಾರಿ ಸುಂಕವು ಸರಕಾರದ ಬೊಕ್ಕಸಕ್ಕೆ ಬರುತ್ತಿದ್ದುದನ್ನೂ ಇಲ್ಲಿ ಮರೆಯುವಂತಿಲ್ಲ. ಆದರೂ ವರದಿಯು ಪ್ರಾಮಾಣಿಕ ಶ್ರಮದ ಫಲವೆಂದೇ ನಮ್ಮ ಅಭಿಪ್ರಾಯ.

ಆದರೆ ಅದನ್ನು ಇಂದಿನ ತರುಣನಿಗೆ ಅಭಯಪತ್ರವೆಂದು ಕೊಡಲು ಬರುವುದಿಲ್ಲ. ಆಯೋಗದ ಕಾಲಕ್ಕೆ ಹತ್ತಾರು ವರ್ಷ ಒಂದೇ ಗುಂಪಿನ ಜನರನ್ನು ಹಿಂಬಾಲಿಸಿ ಲೆಕ್ಕವಿಡುವ ವಿಧಾನವಿರಲಿಲ್ಲ. ಮೇಲಾಗಿ ವಸ್ತುವೇ ಬದಲಾಗಿದೆ. ಅಮೇರಿಕೆಯ ಪೋಲೀಸರು ಹಿಡಿದ ಮಾಲಿನಲ್ಲಿ ಟಿಎಚ್‌ಸಿಯ ಪ್ರಮಾಣವು 1995ರಲ್ಲಿ ನೂರಕ್ಕೆ ಸುಮಾರು 4ರಷ್ಟಿದ್ದುದು 2014ರ ವೇಳೆಗೆ ಸುಮಾರು 12ಕ್ಕೆ ಏರಿತ್ತು. ನಮ್ಮಲ್ಲಿ ಕದ್ದು ಮಾರುವ ಪೊಟ್ಟಣದಲ್ಲಿ ಎಷ್ಟಿದೆಯೆಂಬುದು ಕೊಳ್ಳುವವನಿಗೂ ತಿಳಿಯದು, ಮಾರುವವನಿಗೂ ತಿಳಿಯದು. ಶಿವರಾತ್ರಿಗೆ ಒಂದು ಲೋಟ ಭಂಗಿ ಕುಡಿದವನ ಕಥೆಯನ್ನು ಹೇಳಿ, ಪ್ರತಿ ರಾತ್ರಿ ತಂಬಾಕು ಬೆರೆಸಿ ಸೇದುವ ಹದಿನೆಂಟರ ಹುಡುಗನಿಗೆ ಧೈರ್ಯ ತುಂಬುವುದು ತರವಲ್ಲ.

ಮನಸ್ಸಿನ ಮೇಲಾಗುವ ಪರಿಣಾಮವೇ ಇಡೀ ಚರ್ಚೆಯಲ್ಲಿ ಅತ್ಯಂತ ಗಂಭೀರವಾದದ್ದು. ಸ್ವೀಡನ್ ದೇಶದಲ್ಲಿ 1969-70ರಲ್ಲಿ ಸೈನ್ಯಕ್ಕೆ ಕರೆಬಂದ 45,000ಕ್ಕೂ ಹೆಚ್ಚು ತರುಣರ ಮುಂದಿನ ಹದಿನೈದು ವರ್ಷಗಳ ಆರೋಗ್ಯವನ್ನು ಪರಿಶೀಲಿಸಿ 1987ರಲ್ಲಿ ಪ್ರಕಟಿಸಿದ ಲೆಕ್ಕವೊಂದಿದೆ. ಸೈನ್ಯಕ್ಕೆ ಸೇರುವ ಹೊತ್ತಿಗೆ 50ಕ್ಕೂ ಹೆಚ್ಚು ಬಾರಿ ಸೇದಿದ್ದವರಲ್ಲಿ ಸ್ಕಿಜೊಫ್ರೇನಿಯಾ ಎಂಬ ಕಠಿಣ ಮನೋರೋಗವು ಸೇದದವರಿಗಿಂತ ಆರು ಪಟ್ಟು ಕಂಡುಬಂದಿತು. 2019ರಲ್ಲಿ ಯೂರೋಪು ಮತ್ತು ಬ್ರೆಜಿಲಿನ ಹನ್ನೊಂದು ಸ್ಥಳಗಳ ರೋಗಿಗಳನ್ನು ಹೋಲಿಸಿ ನೋಡಿದಾಗ, ದಿನವೂ ಸೇದುವವರಲ್ಲಿ ಚಿತ್ತಭ್ರಮೆಯ ಸಂಭವವು ಸುಮಾರು ಮೂರು ಪಟ್ಟು, ಬಲವಾದ ಮಾಲನ್ನು ದಿನವೂ ಸೇದುವವರಲ್ಲಿ ಸುಮಾರು ಐದು ಪಟ್ಟು ಇತ್ತು.

ಇದರ ಅರ್ಥವನ್ನು ಸರಿಯಾಗಿ ಗ್ರಹಿಸಬೇಕು. ಸೇದಿದವರೆಲ್ಲರೂ ಹುಚ್ಚರಾಗುತ್ತಾರೆಂದು ಈ ಅಂಕೆಗಳು ಹೇಳುವುದಿಲ್ಲ. ಬಹುತೇಕ ಜನರಿಗೆ ಹಾಗಾಗುವುದೇ ಇಲ್ಲ. ರೋಗದ ಲಕ್ಷಣವಿದ್ದವರೇ ಗಾಂಜಾದತ್ತ ಹೆಚ್ಚು ಒಲಿಯುತ್ತಾರೆಂಬ ವಾದದಲ್ಲಿಯೂ ಸ್ವಲ್ಪ ಹುರುಳಿದೆ. ಆದರೆ ಸೇವನೆ ಹೆಚ್ಚಿದಂತೆ ಅಪಾಯವೂ ಹೆಚ್ಚುತ್ತ ಹೋಗುತ್ತದೆಂಬುದನ್ನು ಅಮೇರಿಕೆಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳು 2017ರ ತಮ್ಮ ವಿಸ್ತೃತ ವರದಿಯಲ್ಲಿ ಒಪ್ಪಿವೆ. ಮನೆತನದಲ್ಲಿ ಯಾರಿಗಾದರೂ ಮನೋರೋಗವಿದ್ದರೆ ಅಪಾಯ ಇನ್ನೂ ಹೆಚ್ಚು. ತನಗೆ ಆ ಪ್ರಕೃತಿಯಿದೆಯೋ ಇಲ್ಲವೋ ಎಂಬುದು ಹುಡುಗನಿಗೆ ಮೊದಲೇ ತಿಳಿಯುವ ಬಗೆಯಿಲ್ಲ. ಯಾರೋ ತನ್ನ ಬೆನ್ನು ಹತ್ತಿದ್ದಾರೆ, ಗಲ್ಲೆಯಲ್ಲಿ ಕುಳಿತವರು ತನ್ನ ವಿಷಯವನ್ನೇ ಮಾತಾಡುತ್ತಾರೆ, ಊಟದಲ್ಲಿ ಏನೋ ಬೆರೆಸಿದ್ದಾರೆ ಎಂದು ಒಬ್ಬ ಮಾಣಿಯು ಹೇಳತೊಡಗಿದರೆ ನಮ್ಮವರು ಮಾಡುವುದೇನು? ರೈಲು ಹತ್ತಿಸಿ ಊರಿಗೆ ಕಳುಹಿಸುತ್ತಾರೆ. ಅಲ್ಲಿ ಪ್ರಶ್ನೆ ಇಡಿಸುತ್ತಾರೆ, ತಾಯತ ಕಟ್ಟಿಸುತ್ತಾರೆ. ದೈವದೇವರ ನಂಬಿಕೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಈ ರೋಗದಲ್ಲಿ ಚಿಕಿತ್ಸೆಯು ತಡವಾದಷ್ಟೂ ಗುಣವಾಗುವುದು ಕಷ್ಟ. ಮೊದಲ ತಿಂಗಳಲ್ಲಿ ವೈದ್ಯರ ಬಳಿ ಹೋದ ಹುಡುಗನು ಮತ್ತೆ ಕೆಲಸಕ್ಕೆ ನಿಲ್ಲುವ ಸಂಭವ ಎಷ್ಟೋ ಹೆಚ್ಚು.

ಬುದ್ಧಿಶಕ್ತಿಯ ಪ್ರಶ್ನೆಯಲ್ಲಿ ಪಂಡಿತರಲ್ಲಿಯೇ ಒಮ್ಮತವಿಲ್ಲ. ನ್ಯೂಜಿಲೆಂಡಿನ ಡ್ಯುನೆಡಿನ್ ಪಟ್ಟಣದಲ್ಲಿ 1972-73ರಲ್ಲಿ ಹುಟ್ಟಿದ ಸಾವಿರ ಮಕ್ಕಳನ್ನು 38ನೆಯ ವಯಸ್ಸಿನವರೆಗೆ ಪರೀಕ್ಷಿಸಿ ನೋಡಿದಾಗ, ಹರೆಯದಲ್ಲಿ ಆರಂಭಿಸಿ ಬಿಡದೆ ಮುಂದುವರಿಸಿದವರ ಬುದ್ಧ್ಯಂಕವು ಸರಾಸರಿ 8ರಷ್ಟು ಇಳಿದಿತ್ತು. 2016ರಲ್ಲಿ ಅವಳಿ ಮಕ್ಕಳ ಮೇಲೆ ನಡೆದ ಇನ್ನೊಂದು ಪರಿಶೀಲನೆಯಲ್ಲಿ ಸೇದುವ ಅವಳಿಗೂ ಸೇದದ ಅವಳಿಗೂ ಅಂಥ ಅಂತರ ಕಾಣಲಿಲ್ಲ. ಆದರೆ ಅಮಲಿರುವ ಹೊತ್ತಿನಲ್ಲಿ ನೆನಪೂ ಗಮನವೂ ಕುಂದುವುದು ವಿವಾದಾತೀತ. ಕುದಿಯುವ ಎಣ್ಣೆಯ ಮುಂದೆ ನಿಲ್ಲುವವನಿಗೆ, ಪಾರ್ಸೆಲು ಹಿಡಿದು ಮೋಟಾರು ಸೈಕಲಿನಲ್ಲಿ ಓಡುವವನಿಗೆ, ಲೆಕ್ಕದ ಪುಸ್ತಕ ಬರೆಯುವ ಗುಮಾಸ್ತನಿಗೆ ಇಷ್ಟು ಕುಂದೇ ಸಾಕು.

ಗಾಂಜಾ ಚಟವಾಗುವುದಿಲ್ಲ, ಬೇಕಾದಾಗ ಬಿಡಬಹುದು ಎಂಬ ಮಾತು ಕೋಣೆಕೋಣೆಯಲ್ಲಿಯೂ ಕೇಳಿಬರುತ್ತದೆ. ಅಫೀಮಿನಷ್ಟು ಬಿಗಿಯಾದ ಹಿಡಿತ ಇದಕ್ಕಿಲ್ಲವೆಂಬುದೂ, ಅಫೀಮಿನ ಜಾತಿಯ ವಸ್ತುಗಳಂತೆ ಉಸಿರು ಕಟ್ಟಿಸಿ ಕೊಲ್ಲುವುದಿಲ್ಲವೆಂಬುದೂ ದಿಟ. ಆದರೂ ಸೇವಿಸಿದವರಲ್ಲಿ ನೂರಕ್ಕೆ ಸುಮಾರು 9 ಮಂದಿ, ಹರೆಯದಲ್ಲಿ ಆರಂಭಿಸಿದವರಲ್ಲಿ ಆರಕ್ಕೊಬ್ಬರು ಚಟಕ್ಕೆ ಸಿಲುಕುತ್ತಾರೆಂದು ಗಣಿಸಲಾಗಿದೆ. ದಿನವೂ ಸೇದುವವನು ಬಿಟ್ಟೊಡನೆ ನಿದ್ದೆ ಬರುವುದಿಲ್ಲ, ಅನ್ನ ಸೇರುವುದಿಲ್ಲ, ಸಣ್ಣ ಮಾತಿಗೂ ಸಿಟ್ಟು. ಇದೆಲ್ಲ ಎರಡು ವಾರಗಳೊಳಗೆ ಬಹುಮಟ್ಟಿಗೆ ಶಮನವಾಗುತ್ತದೆ. ಇದು ತಿಳಿಯದೆ, ಸೇದದಿದ್ದರೆ ತನ್ನ ಮೈಗೆ ಆಗುವುದಿಲ್ಲವೆಂದು ನಂಬಿ ಮೂರನೆಯ ದಿನವೇ ಮತ್ತೆ ಕೈಚಾಚುವವರೇ ಹೆಚ್ಚು. 2019ರಲ್ಲಿ ಪ್ರಕಟವಾದ ಕೇಂದ್ರ ಸರಕಾರದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 3.1 ಕೋಟಿ ಜನರು ಹಿಂದಿನ ಒಂದು ವರ್ಷದಲ್ಲಿ ಭಂಗಿ, ಗಾಂಜಾ ಅಥವಾ ಚರಸು ಸೇವಿಸಿದ್ದರು. ಅವರಲ್ಲಿ ಸುಮಾರು 72 ಲಕ್ಷ ಮಂದಿಗೆ ಚಿಕಿತ್ಸೆಯ ನೆರವು ಬೇಕಾಗಿತ್ತು.

ದೇಹದ ಮಾತು ಚಿಕ್ಕದು. ಬಹುಕಾಲ ಸೇದಿದರೆ ಕೆಮ್ಮು, ಕಫ, ಶ್ವಾಸನಾಳದ ಉರಿಯೂತ. ಶ್ವಾಸಕೋಶದ ಕ್ಯಾನ್ಸರಿಗೆ ಗಾಂಜಾವೇ ಕಾರಣವೆಂಬುದು ಸ್ಥಿರಪಟ್ಟಿಲ್ಲ. ಆದರೆ ನಮ್ಮಲ್ಲಿ ತಂಬಾಕು ಬೆರೆಸದೆ ಸೇದುವವರು ಅಪರೂಪ, ತಂಬಾಕಿನ ವಿಷಯದಲ್ಲಿ ಸಂಶಯವೇ ಇಲ್ಲ. ಸೇದಿದ ಕೂಡಲೆ ಎದೆಬಡಿತ ಏರುವುದರಿಂದ ಹೃದ್ರೋಗಿಗಳಿಗೆ ಅಪಾಯ. ಗರ್ಭಿಣಿಯರು ಸೇದಿದರೆ ಕೂಸಿನ ತೂಕ ಕಡಿಮೆಯಾಗುತ್ತದೆ.

ಔಷಧಗುಣವನ್ನು ಅಲ್ಲಗಳೆಯುವುದು ಅನ್ಯಾಯವಾದೀತು. ಆಯುರ್ವೇದವು ಈ ಗಿಡವನ್ನು ವಿಜಯಾ ಎಂದು ಕರೆದಿದೆ. ಕ್ಯಾನ್ಸರ್ ಚಿಕಿತ್ಸೆಯ ವಾಂತಿಗೆ, ಕೆಲವು ಬಗೆಯ ದೀರ್ಘಕಾಲದ ನೋವಿಗೆ ಇದರ ಸತ್ತ್ವಗಳಿಂದ ಉಪಶಮನವುಂಟು. ಮಕ್ಕಳ ಕೆಲವು ಕಠಿಣ ಮೂರ್ಛೆರೋಗಗಳಿಗೆ ಇದರಿಂದ ತೆಗೆದ, ಅಮಲಿಲ್ಲದ ಸಿಬಿಡಿ ಎಂಬ ದ್ರವ್ಯದ ಔಷಧಕ್ಕೆ 2018ರಲ್ಲಿ ಅಮೇರಿಕೆಯಲ್ಲಿ ಮಾನ್ಯತೆ ದೊರೆಯಿತು. ಅಳತೆ ಮಾಡಿ ವೈದ್ಯರು ಕೊಡುವ ಆ ಹನಿಗೂ ಸ್ಟೇಶನ್ನಿನ ಹಿಂದಿನ ಗಲ್ಲಿಯಲ್ಲಿ ಸಿಗುವ ಪೊಟ್ಟಣಕ್ಕೂ ಸಂಬಂಧ ಹೆಸರಿನದು ಮಾತ್ರ. ಸರಾಯಿಗಿಂತ ಗಾಂಜಾ ಮೇಲು ಎಂಬ ಇನ್ನೊಂದು ವಾದವಿದೆ. ಸರಾಯಿಯು ಈ ದೇಶದಲ್ಲಿ ಹೆಚ್ಚು ಸಂಸಾರಗಳನ್ನು ಹಾಳುಮಾಡಿದೆ ಎಂಬುದನ್ನು ನಾವೂ ಒಪ್ಪುತ್ತೇವೆ. ಪಕ್ಕದವನ ಉದ್ದರಿ ದೊಡ್ಡದೆಂದು ನಮ್ಮ ಉದ್ದರಿಯನ್ನು ಅಂಗಡಿಯವನು ಬಿಟ್ಟುಕೊಡುವುದಿಲ್ಲ, ಅಷ್ಟೆ.

ಇನ್ನು ಕಾನೂನು. ರೋಗಕ್ಕಿಂತ ಮೊದಲು ನಮ್ಮ ಹುಡುಗರನ್ನು ಹಿಡಿಯುವುದು ಅದೇ. 1985ರ ಮಾದಕ ವಸ್ತು ಕಾಯಿದೆಯು ಎಲೆಯ ಭಂಗಿಯನ್ನು ಹೊರಗಿಟ್ಟು ಗಾಂಜಾ, ಚರಸುಗಳನ್ನು ನಿಷೇಧಿಸಿದೆ. ಗಾಂಜಾ ಸೇವನೆಗೇ ಆರು ತಿಂಗಳವರೆಗೆ ಸಜೆ ಅಥವಾ ಹತ್ತು ಸಾವಿರದವರೆಗೆ ದಂಡ ಅಥವಾ ಎರಡೂ. ಒಂದು ಕಿಲೋ ಒಳಗಿನದು ಅಲ್ಪ ಪ್ರಮಾಣವೆನಿಸಿ ಒಂದು ವರ್ಷದವರೆಗೆ ಸಜೆಯಾಗಬಹುದು. ಅದನ್ನು ಮೀರಿದರೆ ಹತ್ತು ವರ್ಷದವರೆಗೆ. ಇಪ್ಪತ್ತು ಕಿಲೋ ಮೀರಿದರೆ ಹತ್ತಕ್ಕಿಂತ ಕಡಿಮೆಯಿಲ್ಲ. ಊರಿಗೆ ಹೋಗುವಾಗ ಈ ಚೀಲವನ್ನು ತಲುಪಿಸು ಎಂದು ಯಾರೋ ಕೊಟ್ಟದ್ದನ್ನು ಹೊತ್ತ ಹುಡುಗನೂ ಈ ಲೆಕ್ಕದಲ್ಲಿಯೇ ಸಿಲುಕುತ್ತಾನೆ. ಕೋಣೆಯಲ್ಲಿ ಇದು ನಡೆಯುವುದನ್ನು ತಿಳಿದೂ ಬಿಟ್ಟುಕೊಟ್ಟ ಮಾಲಿಕನು 25ನೆಯ ಕಲಮಿನ ಪ್ರಕಾರ ಗುನ್ಹೆಗಾರನಾಗುತ್ತಾನೆ. ಇದಕ್ಕೆ ಹೆದರಿ ಮಾಲಿಕರು ಹುಡುಗನನ್ನು ರಾತ್ರೋರಾತ್ರಿ ಬೀದಿಗೆ ಹಾಕುವುದುಂಟು. ಆದರೆ ಅದೇ ಕಾಯಿದೆಯಲ್ಲಿ 64ಎ ಎಂಬ ಕಲಮೂ ಇದೆಯೆಂಬುದು ಹೆಚ್ಚಿನವರಿಗೆ ತಿಳಿಯದು. ಸೇವನೆಯ ಅಥವಾ ಅಲ್ಪ ಪ್ರಮಾಣದ ಆಪಾದನೆಗೆ ಒಳಗಾದ ಚಟಗಾರನು ತಾನಾಗಿ ಸರಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಸೇರಿದರೆ ಆ ಆಪಾದನೆಗಾಗಿ ಅವನ ಮೇಲೆ ಖಟ್ಲೆ ನಡೆಸುವಂತಿಲ್ಲ. ಚಿಕಿತ್ಸೆಯನ್ನು ನಡುವೆ ಬಿಟ್ಟರೆ ಮಾತ್ರ ಆ ರಕ್ಷಣೆಯನ್ನು ಹಿಂತೆಗೆಯಬಹುದು.

ಚಟ ಬಿಡಿಸುವ ಸಲಹೆಗಾಗಿ ಕೇಂದ್ರ ಸರಕಾರದ 14446 ಎಂಬ ದೂರವಾಣಿಗೂ, ಮನಸ್ಸಿನ ತೊಂದರೆಗಾಗಿ 14416 ಎಂಬ ಟೆಲಿ-ಮಾನಸ್ ದೂರವಾಣಿಗೂ ಹಣ ತಗಲುವುದಿಲ್ಲ. ಎರಡನೆಯದರಲ್ಲಿ ಕನ್ನಡದಲ್ಲಿಯೂ ಮಾತಾಡಬಹುದು. ದೊಡ್ಡ ಸರಕಾರಿ ಆಸ್ಪತ್ರೆಗಳ ಮನೋರೋಗ ವಿಭಾಗಕ್ಕೆ ಹೋಗುವಾಗ ಹುಡುಗನನ್ನು ಒಬ್ಬನನ್ನೇ ಕಳುಹಿಸಬಾರದು. ಹಿಂದಿಯಲ್ಲಿಯೋ ಮರಾಠಿಯಲ್ಲಿಯೋ ಚಹಾದ ಆರ್ಡರು ಕೂಗಬಲ್ಲವನಿಗೆ ತನ್ನ ಮನಸ್ಸಿನ ದಿಗಿಲನ್ನು ಆ ಭಾಷೆಗಳಲ್ಲಿ ವಿವರಿಸಲು ಬಾರದು. ಕನ್ನಡವೂ ಊರಿನ ಭಾಷೆಯೂ ಬಲ್ಲ ಹಿರಿಯನೊಬ್ಬನು ಜೊತೆಗಿದ್ದು, ಎಂದಿನಿಂದ ಸೇದುತ್ತಿದ್ದಾನೆ, ದಿನಕ್ಕೆಷ್ಟು, ನಿದ್ದೆ ಕೆಟ್ಟು ಎಷ್ಟು ದಿನವಾಯಿತು, ಮನೆತನದಲ್ಲಿ ಯಾರಿಗಾದರೂ ಹೀಗಾಗಿತ್ತೇ ಎಂಬುದನ್ನು ಬರೆದುಕೊಂಡು ಹೋದರೆ ವೈದ್ಯರಿಗೆ ಮೊದಲ ದಿನವೇ ದಾರಿ ಕಾಣುತ್ತದೆ.