ರಕ್ತದಲ್ಲಿ ಬಂದದ್ದೋ, ಕಲಿತದ್ದೋ?

ಕೊಪ್ಪಳ ಜಿಲ್ಲೆಯ ಕಿನ್ನಾಳದ ಮರದ ಗೊಂಬೆಗಳ ಬಗ್ಗೆ ಮಾತು ಬಂದಾಗಲೆಲ್ಲ ಒಂದು ಹೊಗಳಿಕೆ ಕೇಳಿಬರುತ್ತದೆ: ಅವನ್ನು ಮಾಡುವ ಚಿತ್ರಗಾರ ಮನೆತನಗಳಿಗೆ ಈ ಕಲೆ ರಕ್ತದಲ್ಲೇ ಬಂದಿದೆ. ಮೆಚ್ಚಿ ಆಡುವ ಮಾತೇ, ಸರಿ. ಆದರೆ ಮನುಷ್ಯನ ಬಗೆಗಿನ ಒಂದು ಹಳೆಯ ಸಿದ್ಧಾಂತ ಅದರೊಳಗೆ ಅಡಗಿದೆ: ಹುಟ್ಟಿನಿಂದ ಗುಣ, ಗುಣಕ್ಕೆ ತಕ್ಕ ಕಸುಬು, ಕಸುಬಿಗೆ ತಕ್ಕ ಕೇರಿ.

ಮನುಷ್ಯ ಎಂಥವನು ಎಂಬ ಬಗ್ಗೆ ಒಂದು ನಂಬಿಕೆಯಿಲ್ಲದೆ ಯಾವ ರಾಜಕೀಯವೂ ಹೊರಡುವುದಿಲ್ಲ. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಬೆಳಕಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರದ ಪ್ರಕಾರ, ದಂಡವಿಲ್ಲದ ನಾಡಿನಲ್ಲಿ ದೊಡ್ಡ ಮೀನು ಸಣ್ಣ ಮೀನನ್ನು ನುಂಗುತ್ತದೆ. ಮನುಷ್ಯನನ್ನು ಹೀಗೆ ಕಂಡ ಮೇಲೆ ರಾಜ್ಯಕ್ಕೆ ಗೂಢಚಾರರು ಬೇಕೇ ಬೇಕು. ಕಿನ್ನಾಳಕ್ಕೆ ಹತ್ತಿರದ ಕೊಪ್ಪಳದಲ್ಲಿ, ಗವಿಮಠದ ಗುಡ್ಡದ ಮೇಲೆ ಮತ್ತು ಪಾಲ್ಕಿಗುಂಡಿನ ಬಂಡೆಯ ಮೇಲೆ, ಮೌರ್ಯ ಅಶೋಕ ಕೆತ್ತಿಸಿದ ಮಾತೇ ಬೇರೆ: ಸ್ವರ್ಗವೆಂಬುದು ದೊಡ್ಡವರ ಸೊತ್ತಲ್ಲ, ಸಣ್ಣವನೂ ಶ್ರಮಪಟ್ಟರೆ ಪಡೆಯಬಲ್ಲ. ಈ ಅಶೋಕನೂ ಮರಣದಂಡನೆಯನ್ನು ತೆಗೆದುಹಾಕಲಿಲ್ಲ. ಶಿಕ್ಷೆಗೆ ಮುನ್ನ ಮೂರು ದಿನದ ಗಡುವು ಕೊಟ್ಟನಷ್ಟೆ. ಆದರೂ ಸಣ್ಣವನ ಪ್ರಯತ್ನಕ್ಕೆ ಬೆಲೆಯಿದೆ ಎಂದು ಚಕ್ರವರ್ತಿಯೊಬ್ಬ ನಮ್ಮ ಬಂಡೆಗಳ ಮೇಲೆ ಬರೆಸಿದ್ದು ದೊಡ್ಡ ಸಂಗತಿ.

ನಾನು ಆ ಬಂಡೆಯ ಮಾತಿನ ಪರ. ಹಗುರ ಕಟ್ಟಿಗೆ ಆರಿಸಿ ಒಣಗಿಸುವುದು, ಸೆಣಬನ್ನು ನೆನೆಸಿ ಒಣಗಿಸಿ ಪುಡಿಮಾಡುವುದು, ಅದಕ್ಕೆ ಕಟ್ಟಿಗೆಯ ಹೊಟ್ಟು, ಹುಣಸೆ ಬೀಜದ ಅಂಟು ಬೆರೆಸಿ ಕಿಟ್ಟವೆಂಬ ಮುದ್ದೆ ಮಾಡುವುದು, ಬಿಡಿ ಭಾಗ ಜೋಡಿಸಿ ಬಣ್ಣ ಕೊಡುವುದು, ಇವನ್ನು ಯಾರೂ ತಾಯಿಯ ಹೊಟ್ಟೆಯಲ್ಲಿ ಕಲಿತು ಬರುವುದಿಲ್ಲ. ಎಳವೆಯಿಂದ ಹಿರಿಯರ ಪಕ್ಕ ಕೂತು ಕೈ ಪಳಗಿಸಿಕೊಂಡ ವಿದ್ಯೆ ಇದು. ಅದನ್ನು ರಕ್ತದ ಲೆಕ್ಕಕ್ಕೆ ಬರೆದುಬಿಟ್ಟರೆ ಕಲಿತ ವರ್ಷಗಳಿಗೆ ಬೆಲೆ ಕಟ್ಟುವ ಹೊಣೆ ತಪ್ಪುತ್ತದೆ. ಆ ಮನೆಯ ಹುಡುಗಿ ಡಾಕ್ಟರಾಗುತ್ತೇನೆ ಎಂದರೆ ಪರಂಪರೆ ಮುಳುಗಿತೆಂದು ಮರುಗುತ್ತೇವೆ. ಬೇರೆ ಕೇರಿಯ ಹುಡುಗ ಉಳಿ ಹಿಡಿಯಲು ಬಂದರೆ ಇದು ನಿನ್ನದಲ್ಲ ಎನ್ನುತ್ತೇವೆ. ಜಾತಿ ಕೆಲಸವನ್ನಷ್ಟೇ ಹಂಚುವುದಿಲ್ಲ, ಕೆಲಸಗಾರರನ್ನೇ ಒಡೆದು ಮೇಲುಕೀಳಾಗಿ ನಿಲ್ಲಿಸುತ್ತದೆ ಎಂದು ಅಂಬೇಡ್ಕರ್ 1936ರಲ್ಲೇ ವಾದಿಸಿದ್ದರು.

ಕಲೆ ಎಲ್ಲರ ಪಾಲಾದರೆ ಚಿತ್ರಗಾರರ ಅನ್ನಕ್ಕೆ ಕುತ್ತು ಬಂದೀತೆಂಬ ಭಯ ಸುಳ್ಳಲ್ಲ. ಅದಕ್ಕೇ ಗುರುವಿನ ಸ್ಥಾನವೂ ತಕ್ಕ ಸಂಬಳವೂ ಮೊದಲು ಅವರಿಗೇ ಸಲ್ಲಬೇಕು. ಕೊಪ್ಪಳ ಜಿಲ್ಲೆಯ ಶಾಲೆಗಳಲ್ಲಿ ಅವರು ಮೇಷ್ಟ್ರಾಗಲಿ. ಕಲಿಯಲು ಬಂದ ಮಗುವಿನ ಜಾತಿಯನ್ನು ಯಾರೂ ಕೇಳದಿರಲಿ. ಓದುಗರಲ್ಲಿ ಒಂದು ಕೋರಿಕೆ: ಕಿನ್ನಾಳದ ಗೊಂಬೆ ಕೊಳ್ಳುವಾಗ ಚೌಕಾಸಿ ಮಾಡಬೇಡಿ.