ಉಗುರುಬೆಚ್ಚಗಿನ ನೀರಿನ ಮಹಿಮೆ

ಆಷಾಢದ ಮೋಡ ಕವಿದ ಮುಂಜಾವಿನಲ್ಲಿ ಮಹಡಿಯ ಮೇಲಿನ ಸೋಲಾರ್ ಹೀಟರು ಬಚ್ಚಲಿಗೆ ಕಳುಹಿಸುವುದು ಉಗುರುಬೆಚ್ಚಗಿನ ನೀರನ್ನು. ಬೆಂಗಳೂರಿನ ವಾಚಕರಿಗೆ ಈ ಅನುಭವವನ್ನು ವಿವರಿಸಬೇಕಾಗಿಲ್ಲ. ಸ್ನಾನಕ್ಕೆ ಒದಗದ ಆ ನೀರನ್ನು ಮನೆಮಂದಿಯೆಲ್ಲ ಶಪಿಸುವರು. ಆದರೆ ಸೂರ್ಯನಿತ್ತ ಶಾಖವು ಅದರಲ್ಲಿ ಇದ್ದೇ ಇದೆ. ಇಲ್ಲದಿರುವುದು ಅದನ್ನು ಮೇಲೆತ್ತುವ ಸಾಧನ.

ಆ ಸಾಧನವಾದರೂ ಹೊಸತಲ್ಲ. ಫ್ರಿಜ್ಜಿನ ಬೆನ್ನನ್ನೋ ಪಕ್ಕವನ್ನೋ ಮುಟ್ಟಿದವರಿಗೆ ಅದು ಬೆಚ್ಚಗಿರುವುದು ತಿಳಿದಿದೆ. ಒಳಗಿನ ಹಾಲು ತರಕಾರಿಗಳ ಶಾಖವನ್ನೇ ಯಂತ್ರವು ಸೇದಿ ಹೊರಗೆ ಚೆಲ್ಲುತ್ತಿರುತ್ತದೆ. ಇದೇ ಉಪಾಯದಿಂದ ಕಟ್ಟಡಗಳನ್ನು ಬೆಚ್ಚಗಾಗಿಸಬಹುದೆಂದು ವಿಲಿಯಂ ಥಾಮ್ಸನ್, ಎಂದರೆ ಮುಂದೆ ಲಾರ್ಡ್ ಕೆಲ್ವಿನ್ ಎನಿಸಿಕೊಂಡವನು, 1852ರಲ್ಲಿಯೇ ಸೂಚಿಸಿದ್ದನು. 1938ರಲ್ಲಿ ಜ್ಯೂರಿಕ್ ನಗರದ ರಾಟ್‌ಹೌಸ್ ಭವನವು ಲಿಮ್ಮಾಟ್ ನದಿಯ ನೀರಿನಿಂದ ಶಾಖ ಪಡೆಯತೊಡಗಿತು. ಸ್ವಿಟ್ಜರ್‌ಲೆಂಡಿನ ಚಳಿಗಾಲದ ನದಿಯಿಂದ ಶಾಖವೇ ಎಂದು ಹುಬ್ಬೇರಿಸಬೇಡಿ. ಹೀಟ್ ಪಂಪಿಗೆ ಅಷ್ಟೇ ಸಾಕು.

ಬಾವಿ ಆಳವಾದಷ್ಟೂ ಸೇದುವವರ ರಟ್ಟೆಗೆ ಶ್ರಮ ಹೆಚ್ಚು. ಇಲ್ಲಿಯೂ ಹಾಗೆಯೇ. ಕೊರೆಯುವ ಗಾಳಿಯಿಂದ ಶಾಖವನ್ನೆತ್ತುವುದು ಆಳದ ಬಾವಿ. ಬಿಸಿಲಿಗೆ ತುಸು ಕಾದ ನೀರು ಕೈಗೆಟುಕುವ ಬಾವಿ. ಸಾಮಾನ್ಯ ವಿದ್ಯುತ್ ಹೀಟರು ಒಂದು ಪಾಲು ವಿದ್ಯುತ್ತಿಗೆ ಒಂದೇ ಪಾಲು ಶಾಖ ಕೊಟ್ಟರೆ, ಅನುಕೂಲ ಸನ್ನಿವೇಶದಲ್ಲಿ ಹೀಟ್ ಪಂಪು ಮೂರು ನಾಲ್ಕು ಪಾಲು ತಂದುಕೊಡುತ್ತದೆ.

ಈ ಎರಡನ್ನೂ ಜೋಡಿಸಿದವರು ಅಮೆರಿಕದ ಆಲ್ಬುಕರ್ಕಿಯ ಇಂಜಿನಿಯರುಗಳಾದ ಬ್ರಿಜರ್ಸ್ ಮತ್ತು ಪ್ಯಾಕ್ಸ್‌ಟನ್. 1956ರಲ್ಲಿ ತಮ್ಮ ಕಚೇರಿಯ ದಕ್ಷಿಣದ ಓರೆಗೋಡೆಗೆ ಗಾಜು ಹೊದಿಸಿದ ಸೌರಫಲಕಗಳನ್ನು ಅಳವಡಿಸಿ, ಕಾದ ನೀರನ್ನು ನೆಲದಡಿಯ ತೊಟ್ಟಿಯಲ್ಲಿ ಕೂಡಿಟ್ಟರು. ನೀರು ಸಾಕಷ್ಟು ಬಿಸಿಯಿದ್ದರೆ ಅದು ನೇರವಾಗಿ ನೆಲ ಮತ್ತು ಛಾವಣಿಗಳ ಕೊಳವೆಗಳಲ್ಲಿ ಹರಿಯುವುದು. ಉಗುರುಬೆಚ್ಚಗಾದರೆ ಹೀಟ್ ಪಂಪು ಕೆಲಸಕ್ಕಿಳಿಯುವುದು. ಇಂಧನ ಅಗ್ಗವಾಗಿದ್ದ ಕಾಲವದು. ಕೆಲವೇ ವರ್ಷಗಳಲ್ಲಿ ಈ ವ್ಯವಸ್ಥೆ ಮೂಲೆಗುಂಪಾಯಿತು. 1973ರಲ್ಲಿ ತೈಲದ ಬೆಲೆ ಏರಿದ ಬಳಿಕವೇ ಅದನ್ನು ದುರಸ್ತಿಗೊಳಿಸಿ ಮತ್ತೆ ನಡೆಸಲು ಲೋಕಕ್ಕೆ ಬುದ್ಧಿ ಬಂದದ್ದು!

ಈಗ ವಿದ್ಯುತ್ತನ್ನೂ ಸೂರ್ಯನಿಂದಲೇ ಪಡೆಯಬಹುದು. ವಿದ್ಯುತ್ ಫಲಕಗಳು ಬಿಸಿಲಿಗೆ ಕಾದಂತೆಲ್ಲ ಅವುಗಳ ಉತ್ಪತ್ತಿ ಕುಗ್ಗುತ್ತದೆ. ಅವುಗಳ ಬೆನ್ನಿಗೆ ನೀರನ್ನು ಹರಿಸಿದರೆ ಫಲಕ ತಂಪಾಗುವುದು, ಆ ಶಾಖ ಪಂಪಿನ ಪಾಲಾಗುವುದು, ಪಂಪು ನಡೆಯಲು ಫಲಕದ ವಿದ್ಯುತ್ತೇ ಒದಗುವುದು. ವಿದ್ಯಾರ್ಥಿನಿಲಯ, ಆಸ್ಪತ್ರೆಗಳಂತಹ ಕಡೆ ಇದರ ಲೆಕ್ಕ ಕೂಡಿಬರುವುದೆಂದು ನನ್ನ ಎಣಿಕೆ. ನಾಲ್ವರ ಸಂಸಾರಕ್ಕೆ ಇಷ್ಟೆಲ್ಲ ಸಲಕರಣೆಯ ಬೆಲೆ ಸದ್ಯಕ್ಕೆ ಹೊರೆಯೇ ಸರಿ.