ಗುಳಿಗೆ ಬಿಟ್ಟಿದ್ದರೆ ಸಿಸ್ಟರ್‌ಗೆ ಹೇಳಿ

ಸಿಸ್ಟರ್ ಅಂದರೆ ಸೂಜಿ ಚುಚ್ಚುವವರು, ಸಲೈನ್ ಹಾಕುವವರು ಎಂಬ ಭಾವನೆ ನಮ್ಮ ಹಳ್ಳಿಗಳಲ್ಲಿ ಇನ್ನೂ ಹೋಗಿಲ್ಲ. ಅವರ ಕೆಲಸ ಮಾತ್ರ ಎಂದೋ ಬದಲಾಗಿದೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಯೋಜನೆಯಡಿ ಉಪಕೇಂದ್ರಗಳಿಗೆ ಸಮುದಾಯ ಆರೋಗ್ಯ ಅಧಿಕಾರಿಗಳ ನೇಮಕ ಶುರುವಾಯಿತು. ಇವರಲ್ಲಿ ಹೆಚ್ಚಿನವರು ನರ್ಸಿಂಗ್ ಓದಿದವರು. ಮೂವತ್ತು ದಾಟಿದವರ ಬಿ.ಪಿ., ಶುಗರ್ ನೋಡುವುದು, ವೈದ್ಯರು ಬರೆದ ಗುಳಿಗೆ ತಪ್ಪದಂತೆ ನಿಗಾ ಇಡುವುದು ಇವರ ಹೊಣೆ. 2024ರಲ್ಲಿ ಕೋಲಾರದಲ್ಲಿ ಆರಂಭವಾದ ರಾಜ್ಯ ಸರ್ಕಾರದ ‘ಗೃಹ ಆರೋಗ್ಯ’ ಯೋಜನೆ ಇದೇ ತಪಾಸಣೆಯನ್ನು ಮನೆ ಬಾಗಿಲಿಗೆ ಒಯ್ಯುತ್ತದೆ.

ಬಿ.ಪಿ. ನೋಡುವುದು ಯಂತ್ರದ ಕೆಲಸವಷ್ಟೇ ಅಲ್ಲ. ಬಿಸಿಲಲ್ಲಿ ನಡೆದು ಬಂದವರಿಗೆ ಕೂಡಲೇ ಪಟ್ಟಿ ಸುತ್ತಿದರೆ ಅಂಕಿ ಏರಿಯೇ ಇರುತ್ತದೆ. ಐದು ನಿಮಿಷ ಕೂರಿಸಬೇಕು. ಬೆನ್ನಿಗೆ ಆಸರೆ, ಪಾದ ನೆಲಕ್ಕೆ, ತೋಳು ಎದೆಯ ಮಟ್ಟಕ್ಕೆ ಇರಬೇಕು. ಅರ್ಧ ಗಂಟೆಯೊಳಗೆ ಚಹಾ ಕುಡಿದಿರಬಾರದು, ಬೀಡಿ ಸೇದಿರಬಾರದು. ಹೀಗೆ ನೋಡಿದಾಗಲೂ ಮತ್ತೆ ಮತ್ತೆ 140/90 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದು ಅಧಿಕ ರಕ್ತದೊತ್ತಡ.

ಇನ್ನು ಪ್ರಶ್ನೆಗಳು. “ಬೆಳಿಗ್ಗೆ ಉಂಡು ಹೊಲಕ್ಕೆ ಹೋಗ್ತೀರೇನಮ್ಮಾ?” ಎಂದು ಸಿಸ್ಟರ್ ಕೇಳಿದರೆ ಅದು ಉಭಯಕುಶಲೋಪರಿಯಲ್ಲ. ಶುಗರ್‌ಗೆ ಕೊಡುವ ಗ್ಲಿಮೆಪಿರೈಡ್‌ನಂಥ ಗುಳಿಗೆ ನುಂಗಿ, ಉಣ್ಣದೆ ಭತ್ತದ ನಾಟಿಗೋ ಮೆಣಸಿನಕಾಯಿ ಬಿಡಿಸಲಿಕ್ಕೋ ಹೋದರೆ ಶುಗರ್ 70ಕ್ಕಿಂತ ಕೆಳಗೆ ಇಳಿಯಬಹುದು. ಕೈ ನಡುಗುತ್ತದೆ, ಮೈ ಬೆವರುತ್ತದೆ, ಕಣ್ಣು ಕತ್ತಲೆ ಬರುತ್ತದೆ. ಎಚ್ಚರವಿದ್ದವರಿಗೆ ಕೂಡಲೇ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಬೇಕು. ಕಾಲು ಗಂಟೆಯಲ್ಲಿ ಸರಿಹೋಗದಿದ್ದರೆ ಮತ್ತೊಮ್ಮೆ ಕೊಟ್ಟು, ಸುಧಾರಿಸಿದ ಮೇಲೆ ಊಟ ಮಾಡಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಸಾಗಿಸಬೇಕು.

“ಸೊಂಟನೋವಿಗೆ ಏನು ತಗೋತೀರಿ?” ಎಂಬುದು ಇನ್ನೊಂದು ಪ್ರಶ್ನೆ. ಮೆಡಿಕಲ್ ಶಾಪಿನಿಂದ ಚೀಟಿಯಿಲ್ಲದೆ ತಂದು ನುಂಗುವ ಡೈಕ್ಲೋಫೆನಾಕ್‌ನಂಥ ನೋವಿನ ಗುಳಿಗೆ ಬಿ.ಪಿ. ಏರಿಸುತ್ತದೆ, ಮೂತ್ರಪಿಂಡಕ್ಕೂ ಪೆಟ್ಟು ಕೊಡುತ್ತದೆ. ಬಿ.ಪಿ.ಗೆ ಅಮ್ಲೋಡಿಪಿನ್ ತೆಗೆದುಕೊಳ್ಳುವ ಕೆಲವರಿಗೆ ಪಾದ ಊದುತ್ತದೆ. ಅದನ್ನು ಹೇಳಿದರೆ ವೈದ್ಯರು ಔಷಧ ಬದಲಿಸಬಹುದು. ಹೇಳದೆ ಗುಳಿಗೆ ಬಿಟ್ಟರೆ ಬಿ.ಪಿ. ಸದ್ದಿಲ್ಲದೆ ಏರುತ್ತದೆ. ಸಕ್ಕರೆ ಕಾಯಿಲೆಯವರ ಅಂಗಾಲನ್ನು ಸಿಸ್ಟರ್ ಮುಟ್ಟಿ ನೋಡುವುದಕ್ಕೂ ಕಾರಣವಿದೆ: ಸ್ಪರ್ಶ ಕುಂದಿದ ಕಾಲಿಗೆ ಗದ್ದೆಯಲ್ಲಿ ಮುಳ್ಳು ಚುಚ್ಚಿದರೂ ತಿಳಿಯುವುದಿಲ್ಲ.

ಈ ಕಾಯಿಲೆಗಳ ದೊಡ್ಡ ತೊಡಕು ಇರುವುದು ನಮ್ಮ ನಡವಳಿಕೆಯಲ್ಲಿ. ತಲೆಸುತ್ತು ನಿಂತಿತು, ಮೈ ಹಗುರಾಯಿತು ಎಂದು ಗುಳಿಗೆ ನಿಲ್ಲಿಸುತ್ತೇವೆ. ಕೇಳಿದರೆ ಬೈಗುಳದ ಅಂಜಿಕೆಗೆ “ದಿನಾ ತಗೋತೀನ್ರಿ” ಎನ್ನುತ್ತೇವೆ. ಆ ಮಾತು ನಂಬಿ ವೈದ್ಯರು ಪ್ರಮಾಣ ಹೆಚ್ಚಿಸಿದರೆ ಅಪಾಯ ರೋಗಿಗೇ. ನಿಜ ಹೇಳಿದವರನ್ನು ಗದರಿಸದಿರುವುದು ಸಿಬ್ಬಂದಿಯ ಕರ್ತವ್ಯ. ಉಪಕೇಂದ್ರದಲ್ಲಿ ಗುಳಿಗೆ ಖಾಲಿಯಾಗದಂತೆ, ಹುದ್ದೆ ಖಾಲಿ ಬೀಳದಂತೆ ನೋಡಿಕೊಳ್ಳುವುದು ಸರ್ಕಾರದ ಕರ್ತವ್ಯ.

ಮುಂದಿನ ಸಲ ಹೋಗುವಾಗ ನುಂಗುವ ಎಲ್ಲ ಗುಳಿಗೆಗಳನ್ನು, ನೋವಿನ ಗುಳಿಗೆಯನ್ನೂ ನಾಟಿ ಔಷಧವನ್ನೂ ಸೇರಿಸಿ, ಒಂದು ಚೀಲದಲ್ಲಿ ಒಯ್ಯಿರಿ. ಎಷ್ಟು ದಿನ ಬಿಟ್ಟಿದ್ದೀರಿ ಎಂಬುದನ್ನೂ ಮುಚ್ಚಿಡದೆ ಹೇಳಿ.